ಗೋದಾ ಹೆಸರಿನಲ್ಲಿ ಹೋದವಳು

ಮಗಳನ್ನು ಗಂಡನ ಮನೆಗೆ ಕಳಿಸುವಾಗ ವೈಜನಾಥ ಅಳಲಿಲ್ಲ. ಸರೋಜಿನಿ ಸಿಲ್ಲೋಡಿನ ಹತ್ತಿ ವ್ಯಾಪಾರಿಯ ಮಗನ ಜೊತೆ ಜೀಪು ಹತ್ತಿ ಕೂತಾಗ ನೆಂಟರಿಷ್ಟರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಈ ಮಹಾಶಯ ಮಾತ್ರ ಜೀಪಿನ ಬಾನೆಟ್ಟಿಗೆ ಕಿವಿ ಕೊಟ್ಟು, "ಟ್ಯಾಪೆಟ್ ಸಡ್ಲ ಆಗ್ಯಾವ, ಸಿಲ್ಲೋಡ ಮುಟ್ಟಿದ ಮ್ಯಾಲ ಬಿಗಿ ಮಾಡಸ್ರಿ" ಎಂದು ಬೀಗರಿಗೆ ಬುದ್ಧಿ ಹೇಳುತ್ತಿದ್ದ. ಅದಕ್ಕೂ ಆರು ವರ್ಷ ಹಿಂದೆ, 1964ರಲ್ಲಿ, ಕಾರ್ಖಾನೆಯ ಎಂಜಿನ್ನೊಂದು ಮಾರಾಟವಾಯಿತೆಂದು ಇದೇ ಮನುಷ್ಯ ಮೂರು ದಿನ ಅನ್ನ ಬಿಟ್ಟಿದ್ದ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಎತ್ತಿ ಆಡದೆ ಅವನ ಹೆಂಡತಿ ಕಸ್ತೂರಿಬಾಯಿ ಯಾವ ಜಗಳವನ್ನೂ ಮುಗಿಸಿದವಳಲ್ಲ.

ವೈಜನಾಥ ಬೀದರ್ ಜಿಲ್ಲೆಯ ಭಾಲ್ಕಿಯವ. ಹರೆಯದಲ್ಲಿ ಔರಂಗಾಬಾದಿಗೆ ಬಂದು ಹತ್ತಿ ಗಿರಣಿಯ ಬಾಯ್ಲರಿನ ಮುಂದೆ ಎರಡು ವರ್ಷ ಬೆವರು ಸುರಿಸಿ, ಮೇಸ್ತ್ರಿಯ ಜೊತೆ ಕೈ ಕೈ ಮಿಲಾಯಿಸಿ, ಅಲ್ಲಿಂದ ನಾಸಿಕದ ಕಡೆಗೆ ಕಾಲು ಕಿತ್ತವ. ದೇವಳಾಲಿಯ ಮಿಲಿಟರಿ ಕ್ಯಾಂಪಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಖಾಸಗಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದ. ಹೊಲಗಳಿಂದ ಕಬ್ಬು ತರಲು ಆ ಕಾರ್ಖಾನೆಗೆ ತನ್ನದೇ ಹನ್ನೊಂದು ಮೈಲಿ ಸಣ್ಣ ಹಳಿ ಇತ್ತು, ಹಳಿಯ ಮೇಲೆ ಮೂರು ಸಣ್ಣ ಉಗಿ ಎಂಜಿನ್‌ಗಳಿದ್ದವು. ಮೂರೂ ಒಂದೇ ಅಚ್ಚಿನವು, ಒಂದೇ ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದವು. ಕಾರ್ಖಾನೆ ಕಟ್ಟಿಸಿದ ದೊಡ್ಡ ಶೇಠ್ ಅವಕ್ಕೆ ಸುತ್ತಲಿನ ನದಿಗಳ ಹೆಸರಿಟ್ಟಿದ್ದರು: ಗೋದಾ, ದಾರಣಾ, ಕಾದವಾ. ಹಿತ್ತಾಳೆಯ ಫಲಕದಲ್ಲಿ ಹೆಸರು ಕೊರೆಸಿ ಪಕ್ಕೆಗೆ ನಾಲ್ಕು ಬೋಲ್ಟು ಹಾಕಿ ಕೂರಿಸಿದ್ದರು. ಆ ಫಲಕ ಬಿಚ್ಚಿದರೆ ಯಾವುದು ಯಾರು ಅಂತ ಹೇಳಬಲ್ಲವನು ವೈಜನಾಥ ಒಬ್ಬನೇ.

ಗೋದಾ ಎಂದರೆ ವೈಜನಾಥನಿಗೆ ಪ್ರಾಣ. ಇದಕ್ಕೆ ಕಾರಣ ಕೇಳಿದರೆ ಅವನು ಹಬೆಯ ಒತ್ತಡದ ಲೆಕ್ಕ ಹೇಳುತ್ತಿದ್ದ, ಆದರೆ ಅದು ಸುಳ್ಳು. ಪ್ರೀತಿಗೆ ಕಾರಣ ಇರಲಿಲ್ಲ, ಪಕ್ಷಪಾತಕ್ಕೆ ಮಾತ್ರ ಪುರಾವೆ ಇತ್ತು. ಬಿಡಿಭಾಗ ಸಿಗದ ಕಾಲ. ಒಂದರ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಎಲ್ಲ ಶೆಡ್ಡುಗಳಲ್ಲೂ ನಡೆಯುವ ಪದ್ಧತಿ. ಈ ಶೆಡ್ಡಿನಲ್ಲಿ ಮಾತ್ರ ಬಿಚ್ಚುವುದು ಯಾವಾಗಲೂ ಕಾದವಾಳಿಂದ, ಹಾಕುವುದು ಯಾವಾಗಲೂ ಗೋದಾಳಿಗೆ. 1958ರಲ್ಲಿ ಗೋದಾಳ ಎಡಗಡೆಯ ವಾಲ್ವ್ ಸವೆದುಹೋಯಿತು. ಸಿಲಿಂಡರಿನೊಳಕ್ಕೆ ಉಗಿಯನ್ನು ಅಳೆದು ಬಿಡುವ ಕಬ್ಬಿಣದ ಪೆಟ್ಟಿಗೆ ಅದು. ವೈಜನಾಥ ಕಾದವಾಳ ಗಟ್ಟಿ ವಾಲ್ವ್ ಕಿತ್ತು ಗೋದಾಳಿಗೆ ಕೂರಿಸಿದ, ಗೋದಾಳ ಸವೆದದ್ದನ್ನು ಕಾದವಾಳಿಗೆ ತಗುಲಿಸಿದ. ಅಂದಿನಿಂದ ಕಾದವಾಳಿಗೆ ಉಬ್ಬಸ ಹತ್ತಿತು. ಮ್ಹಸೋಬಾ ಗುಡಿಯ ಏರು ಬಂತೆಂದರೆ ಅರ್ಧಕ್ಕೆ ನಿಂತು ಕೆಮ್ಮುತ್ತಿದ್ದಳು. ಕ್ಯಾಂಪಿನಲ್ಲಿ ತೋಪು ಹಾರಿಸುವ ತಾಲೀಮು ಶುರುವಾಯಿತೆಂದು ಹೊಲದ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

1964ರ ಹೊತ್ತಿಗೆ ಕಬ್ಬು ಲಾರಿ ಹತ್ತಿತ್ತು. ದೊಡ್ಡ ಶೇಠ್ ತೀರಿಹೋಗಿ ಮಗ ಶೇಠ್ ಆಗಿದ್ದ. ಅವನಿಗೆ ಹಳಿಯೂ ಬೇಡ, ಎಂಜಿನ್ನೂ ಬೇಡ. ದಾರಣಾಳನ್ನು ಹಾಲೆಂಡಿನ ಒಂದು ಮ್ಯೂಸಿಯಮ್ಮಿನವರು ಕೊಂಡರು. ಇನ್ನೊಂದನ್ನು ಕೊಳ್ಳಲು ಇಂಗ್ಲೆಂಡಿನಿಂದ ಪೆಂಬರ್ಟನ್ ಎಂಬ ಸಾಹೇಬ ಬಂದ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಹುಚ್ಚು ಎಂಜಿನ್ನಿನದು. ಅವನು ಎರಡನ್ನೂ ಏರು ಹತ್ತಿಸಿ ನೋಡಿ, ಗೋದಾಳ ಫೈರ್‌ಬಾಕ್ಸಿನೊಳಗೆ ಟಾರ್ಚು ಬಿಟ್ಟು ದವಡೆ ಪರೀಕ್ಷೆ ಮಾಡಿ, ಇದೇ ಬೇಕು ಅಂದ. ವೈಜನಾಥ ಊಟ ಬಿಟ್ಟದ್ದು ಆವಾಗಲೇ.

ನಾಲ್ಕನೆಯ ದಿನ ಊಟ ಮಾಡಿದ. ಏಕೆಂದರೆ ಅಷ್ಟರಲ್ಲಿ ದಸರೆ ಬಂದಿತ್ತು.

ದಸರೆಗೆ ಎಂಜಿನ್‌ಗಳಿಗೆ ಪೂಜೆ. ಪೂಜೆಗೆ ಮುಂಚೆ ಹಿತ್ತಾಳೆ ಫಲಕಗಳನ್ನು ಬಿಚ್ಚಿ ವೈಜನಾಥನ ಮನೆಗೆ ಒಯ್ಯುವುದು, ಕಸ್ತೂರಿಬಾಯಿ ಹುಣಸೆಹಣ್ಣು, ಬೂದಿ ಹಾಕಿ ಅವನ್ನು ತಿಕ್ಕಿ ಕೊಡುವುದು ಇಪ್ಪತ್ತು ವರ್ಷದ ರೂಢಿ. ಆ ವರ್ಷವೂ ಫಲಕಗಳು ಥಳಥಳ ಹೊಳೆಯುತ್ತಾ ಶೆಡ್ಡಿಗೆ ವಾಪಸು ಹೋದವು. ಗೋದಾಳ ಫಲಕ ಕಾದವಾಳ ಪಕ್ಕೆಗೆ ಬಿತ್ತು, ಕಾದವಾಳದು ಗೋದಾಳಿಗೆ. ಎಂಟು ಬೋಲ್ಟಿನ ಕೆಲಸ. ತಿಂಗಳೊಳಗೆ ಉಬ್ಬಸದ ಕಾದವಾ ಗೋದಾ ಹೆಸರಿನಲ್ಲಿ ಹಡಗು ಹತ್ತಿದಳು. ನಿಜವಾದ ಗೋದಾ ಕಾದವಾ ಅನ್ನಿಸಿಕೊಂಡು ಕಾರ್ಖಾನೆಯ ಅಂಗಳದಲ್ಲಿ ಕಾಕಂಬಿ ಟ್ಯಾಂಕು ಎಳೆಯುತ್ತಾ ಉಳಿದಳು. ಕದ್ದ ಮಾಲನ್ನು ಎಲ್ಲರ ಕಣ್ಣೆದುರು ಸೀಟಿ ಹೊಡೆಸಿಕೊಂಡು ಓಡಿಸಿದ ಕಳ್ಳ ಇಡೀ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು.

ಹೀಗೆ ಹದಿಮೂರು ವರ್ಷ ಸುಖವಾಗಿ ಕಳೆಯಿತು. ಕಳ್ಳರಿಗೆ ನಿದ್ದೆ ಬರುವುದಿಲ್ಲ ಎನ್ನುವವರು ವೈಜನಾಥನ ಗೊರಕೆ ಕೇಳಿಲ್ಲ.

1977ರಲ್ಲಿ ಕಾರ್ಖಾನೆಗೆ ಐವತ್ತು ತುಂಬಿತು. ಶೇಠ್‌ಗೆ ಆ ಹೊತ್ತಿಗೆ ರಾಜಕೀಯದ ಗಾಳಿ ಬಡಿದಿತ್ತು. ಪೇಪರಿನಲ್ಲಿ ಫೋಟೋ ಬರುವಂಥದ್ದೇನಾದರೂ ಮಾಡಬೇಕಿತ್ತು. ಅದೇ ಸಮಯಕ್ಕೆ ಪೆಂಬರ್ಟನ್ ಕಾಗದ ಬರೆದ. ಮೂರೂ ಎಂಜಿನ್‌ಗಳನ್ನು ಒಂದೇ ಹಳಿಯ ಮೇಲೆ ಇನ್ನೊಮ್ಮೆ ನೋಡುವ ಆಸೆ, ಹಾಲೆಂಡಿನವರೂ ಒಪ್ಪಿದ್ದಾರೆ, ಹಡಗಿನ ಖರ್ಚು ನಮ್ಮದು, ಎರಡು ತಿಂಗಳು ಇಟ್ಟುಕೊಂಡು ವಾಪಸು ಕರೆದೊಯ್ಯುತ್ತೇವೆ. ಶೇಠ್ ಕುಣಿದಾಡಿದ. ವೈಜನಾಥನಿಗೆ ಅಂದಿನಿಂದ ಗೊರಕೆ ನಿಂತಿತು.

ಕಸ್ತೂರಿಬಾಯಿಗೆ ಮಾತ್ರ ಸಂಭ್ರಮ. "ಹೆಣ್ಮಕ್ಳು ತವರಿಗಿ ಬರ್ಲಾಕತ್ಯಾರ. ಎರಡು ತಿಂಗ್ಳು ಇದ್ದು ಹೋಗ್ತಾರಂದ್ರ ಉಡಿ ತುಂಬೇ ಕಳಸ್ಬೇಕು."

"ಅವು ಕಬ್ಬಿಣ ಅವ."

"ಕಬ್ಬಿಣಕ್ಕಾಗಿ ಊಟ ಬಿಟ್ಟವ್ರು ಯಾರ್ರಿ? ನಾನೇನು?"

ದಸರೆಗೆ ಹತ್ತು ದಿನ ಇರುವಾಗ ಎಂಜಿನ್‌ಗಳು ಮುಂಬಯಿ ಬಂದರಿನಿಂದ ಟ್ರೇಲರಿನ ಮೇಲೆ ಬಂದು ಇಳಿದವು. ದಾರಣಾಳ ಜೊತೆ ಇಬ್ಬರು ಹಾಲೆಂಡಿನವರು. ಅವರು ಎಮ್ಮೆ ಕಂಡರೂ ಫೋಟೋ ತೆಗೆಯುತ್ತಿದ್ದರು. ಗೋದಾ ಹೆಸರಿನ ಕಾದವಾಳ ಜೊತೆ ಪೆಂಬರ್ಟನ್ ಬಂದ, ತಲೆ ಪೂರ್ತಿ ಬೆಳ್ಳಗಾಗಿತ್ತು. ವೈಜನಾಥನಿಗೆ ಮೊದಲು ಕಾದವಾಳ ಗುರುತೇ ಹತ್ತಲಿಲ್ಲ. ಮೈ ಮೇಲೆ ಕಡು ಹಸಿರು ಬಣ್ಣ, ತಾಮ್ರದ ಕೊಳವೆಗಳಲ್ಲಿ ಮುಖ ಕಾಣುವಷ್ಟು ಹೊಳಪು. ಅಲ್ಲಿ ಇಪ್ಪತ್ತು ಜನ ಮುದುಕರು ಪ್ರತಿ ಭಾನುವಾರ ಬಂದು ಅವಳನ್ನು ಒರೆಸುತ್ತಾರಂತೆ. ವೈಜನಾಥ ಇಪ್ಪತ್ತು ವರ್ಷ ಅವಳಿಗೆ ಹಳೆಯ ಎಣ್ಣೆ ಬಿಟ್ಟು ಬೇರೆ ಕುಡಿಸಿರಲಿಲ್ಲ.

ಮೊದಲ ಓಟದ ದಿನ ಮ್ಹಸೋಬಾ ಏರಿನ ಅರ್ಧಕ್ಕೆ ಅವಳು ನಿಂತು ಕೆಮ್ಮಿದಳು, ಅದೇ ಕೆಮ್ಮು. ಜನ ನಕ್ಕರು. ಪೆಂಬರ್ಟನ್ ಮಾತ್ರ ಅಭಿಮಾನದಿಂದ ಒಂದು ಪುಸ್ತಿಕೆ ತೆಗೆದ. "ಗೋದಾಳ ಸ್ವಭಾವ" ಎಂದು ಅವನೇ ಬರೆದು ಅಚ್ಚು ಹಾಕಿಸಿದ್ದು. ಏರಿನಲ್ಲಿ ನಿಲ್ಲುವುದು ಆಕೆಯ ಹಟಮಾರಿ ಗುಣವಂತೆ, ಸಮುದ್ರ ಪ್ರಯಾಣದ ನಂತರ ಅದು ಪ್ರಕಟವಾಯಿತಂತೆ. ಮೂಲ ಭಾಗಗಳನ್ನು ಮುಟ್ಟಬಾರದೆಂಬ ಭಕ್ತಿಯಿಂದ ಅವರು ಎಡಗಡೆಯ ವಾಲ್ವನ್ನು ಬದಲಿಸಿರಲಿಲ್ಲ. ತಾನು ಹಾಕಿದ ಹಾಳು ಕಬ್ಬಿಣಕ್ಕೆ ಹದಿಮೂರು ವರ್ಷ ಪೂಜೆ ನಡೆದಿದೆ ಎಂದು ತಿಳಿದು ವೈಜನಾಥನಿಗೆ ನಾಚಿಕೆಯಾಯಿತು. ಆ ನಾಚಿಕೆ ಅವನಿಗೇ ಹೊಸದು.

ದಸರೆಗೆ ಮೂರು ದಿನ ಇರುವಾಗ ಶೇಠ್ ಕಾರ್ಮಿಕರನ್ನು ಸೇರಿಸಿ ಭಾಷಣ ಮಾಡಿದ. ಸಮಾರಂಭ ಮುಗಿದ ಕೂಡಲೇ ಹಳಿ ಕಿತ್ತು ಲಾರಿ ನಿಲ್ಲಿಸುವ ಜಾಗ ಮಾಡುವುದು. ಅತಿಥಿ ಎಂಜಿನ್‌ಗಳು ಹೋದ ಮೇಲೆ ಉಳಿಯುವ ಕಾದವಾಳನ್ನು ಗುಜರಿಗೆ ಹಾಕುವುದು. ಔರಂಗಾಬಾದಿನ ವ್ಯಾಪಾರಿ ಬಂದು ನೋಡಿಕೊಂಡು ಹೋಗಿದ್ದಾನೆ, ಗ್ಯಾಸ್ ಕಟರ್ ತಂದು ಇಲ್ಲೇ ತುಂಡು ಮಾಡುತ್ತಾನೆ. ಎಲ್ಲರೂ ಚಪ್ಪಾಳೆ ಹೊಡೆದರು. ವೈಜನಾಥನ ಕೈಯೂ ರೂಢಿಯಂತೆ ಎರಡು ಸಲ ಹೊಡೆದು ನಿಂತಿತು. ತುಂಡಾಗುವವಳು ಗೋದಾ.

ಅವನಿಗೆ ಹೊಳೆದ ಉಪಾಯ ಹಳೆಯದೇ. ಫಲಕಗಳು ತಿಕ್ಕಲು ಮನೆಗೆ ಬಂದಿದ್ದವು. ಈ ಸಲ ಸರಿಯಾಗಿ ಹಾಕಿಬಿಟ್ಟರಾಯಿತು. ಕಸ್ಟಮ್ಸಿನ ಕಾಗದದಲ್ಲಿ ಗೋದಾ ಬಂದಳು, ಗೋದಾ ಹೋಗಬೇಕು ಎಂದಿದೆ. ನಿಜವಾದ ಗೋದಾಳೇ ಹಡಗು ಹತ್ತಲಿ, ಇಪ್ಪತ್ತು ಮುದುಕರ ಕೈಯಲ್ಲಿ ಬದುಕಿಕೊಳ್ಳಲಿ. ಬಣ್ಣಕ್ಕೇನು, ಸಮಾರಂಭದ ನೆಪದಲ್ಲಿ ಮೂರಕ್ಕೂ ಒಂದೇ ಬಣ್ಣ ಬಳಿಯಲು ಶೇಠ್ ಆಗಲೇ ಹೇಳಿದ್ದಾನೆ. ಯಾರಿಗೂ ತಿಳಿಯುವುದಿಲ್ಲ.

ಕಸ್ತೂರಿಬಾಯಿ ಹಿತ್ತಲಿನ ಕಲ್ಲಿನ ಮೇಲೆ ಕೂತು ಗೋದಾಳ ಫಲಕ ತಿಕ್ಕುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಈ ಸಲ ಯಾವ ಪಾಟಿ ಯಾರಿಗ್ರಿ?"

ವೈಜನಾಥ ಅಲ್ಲೇ ನಿಂತ. "ಅಂದ್ರ?"

"ಅಂದ್ರೇನಂದ್ರ? ಮೂರು ದಿನ ಉಪಾಸ ಇದ್ದವ್ರು ನಾಲ್ಕನೇ ದಿನ ಆರು ರೊಟ್ಟಿ ತಿಂದ್ರ ನಂಗ ತಿಳಿಯಂಗಿಲ್ಲೇನು? ಮುಂದ ಕಾದವಾ ಕಾದವಾ ಅನ್ಕೋತ ಅದರ ಹೊಟ್ಟಿ ಒರೆಸ್ಲಾಕತ್ರಿ. ಎಂದಾದರ ಕಾದವಾನ ಹೊಟ್ಟಿ ಒರೆಸಿದ್ರೇನು ನೀವು?"

ಅವನು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಎಲ್ಲ ಹೇಳಿದ, ಹೊಸ ಉಪಾಯವನ್ನೂ ಹೇಳಿದ. ಅವಳು ಬೂದಿಯ ಕೈ ತೊಳೆದುಕೊಂಡಳು.

"ಗೋದಾ ಹಡಗ ಹತ್ತಿದ್ಲು. ಮುಂದ? ಗುಜರಿಯಾವ ಬಂದು ಯಾರ್ನ ಕೊಯ್ತಾನ?"

ವೈಜನಾಥ ಒಂದು ಕಡ್ಡಿ ತೆಗೆದುಕೊಂಡು ಬೂದಿಯಲ್ಲಿ ಗೀರತೊಡಗಿದ.

"ತವರಿಗಿ ಅಂತ ಬಂದ ಹೆಣ್ಮಗಳ್ನ ತವರಿನ್ಯಾಗೇ ಕೊಯ್ಯಸ್ತೀರಿ. ನಮ್ಮ ಸರೋಜಿನಿ ಪಂಚಮಿಗಿ ಬಂದ್ರ ಹಿಂಗೇ ಮಾಡ್ತೀರೇನು? ಆಕಿದೇ ವಾಲ್ವ ಕಸ್ಗೊಂಡ್ರಿ, ಆಕಿ ಹೆಸರ ಕಸ್ಗೊಂಡ್ರಿ. ಇನ್ನ ಜೀವಾನೂ ಕಸ್ಗೋರಿ."

ಬೀದರಿನ ಹೆಂಗಸರು ಗಂಡನಿಗೆ ಬಹುವಚನದಲ್ಲೇ ಬಯ್ಯುತ್ತಾರೆ, ಅದಕ್ಕೇ ಅದು ಜಾಸ್ತಿ ತಾಗುತ್ತದೆ. ವೈಜನಾಥ ಎದ್ದು ಅಂಗಿ ಹಾಕಿಕೊಂಡು ಹೊರಟ.

ಕಾರ್ಖಾನೆಯ ಗೇಟಿನೆದುರು ಕುಂದಾಪುರದ ಕಿಟ್ಟಣ್ಣನ ಹೋಟೆಲು. ಪೆಂಬರ್ಟನ್ ಎರಡು ಹೊತ್ತೂ ಅಲ್ಲೇ ಇಡ್ಲಿ ತಿನ್ನುತ್ತಿದ್ದ. ಹಲ್ಲಿಗೆ ಇಷ್ಟು ಕಡಿಮೆ ಕೆಲಸ ಕೊಡುವ ತಿಂಡಿ ಲೋಕದಲ್ಲಿಲ್ಲ ಎಂದು ಹೊಗಳುತ್ತಿದ್ದ. ಕಿಟ್ಟಣ್ಣನ ಮಗಳು ಜಲಜಾಕ್ಷಿ ನಾಸಿಕದ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದಳು, ಸಾಹೇಬನ ಮಾತಿಗೆ ಅವಳೇ ಸೇತುವೆ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಬಾಯಲ್ಲಿ ಬರುವಾಗ ಅರ್ಧ ಮರಾಠಿಯಾಗಿ ಬರುತ್ತಿತ್ತು.

"ಎಂಥ ಮಾರಾಯ್ರೆ, ಮುಖ ಹೀಗೆ ಉಂಟು? ಚಾ ಕುಡೀರಿ ಮೊದ್ಲು," ಎಂದ ಕಿಟ್ಟಣ್ಣ.

ವೈಜನಾಥ ಚಾ ಮುಟ್ಟಲಿಲ್ಲ. ಸಾಹೇಬನ ಎದುರು ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದ. ವಾಲ್ವ್ ಕಿತ್ತದ್ದು, ಫಲಕ ಬದಲಿಸಿದ್ದು, ಹದಿಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದು. ಕಿಟ್ಟಣ್ಣನ ಕೈಯಲ್ಲಿದ್ದ ಚಟ್ನಿಯ ಸೌಟು ಹಾಗೇ ನಿಂತಿತು.

"ಕಾಕಾ, ಹೇ ಖರಂ ಆಹೇ ಕಾ? ನಿಜ ಹೇಳ್ತೀರಾ?" ಎಂದು ಜಲಜಾಕ್ಷಿ ಗಾಬರಿಯಾಗಿ ಕೇಳಿ, ಸಾಹೇಬನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಚುಟುಕಾಗಿ ಏನೋ ಅಂದಳು. ಸಾಹೇಬ ನಕ್ಕು ತಲೆಯಾಡಿಸಿದ.

"ನಾ ಇಷ್ಟುದ್ದ ಹೇಳೀನಿ, ನೀ ಗೇಣುದ್ದ ಹೇಳ್ದಿ," ಎಂದ ವೈಜನಾಥ. "ಕಳ್ಳ ಅನ್ನೋ ಮಾತು ಹಾಕಿಲ್ಲ ನೀ. ಹಾಕವ್ವ. ಪೂರಾ ಹೇಳು."

ಅವಳು ಪೂರಾ ಹೇಳಿದಳು. ಪೆಂಬರ್ಟನ್ ಚಮಚ ಕೆಳಗಿಟ್ಟ. ಬಿಳಿ ಮುಖ ಟೊಮ್ಯಾಟೊ ಬಣ್ಣಕ್ಕೆ ಬಂತು. ಆಮೇಲೆ ಅವನು ಆಡಿದ ಮಾತುಗಳನ್ನು ಅನುವಾದಿಸುವುದು ಬೇಕಾಗಲಿಲ್ಲ. ಬಯ್ಗುಳಕ್ಕೆ ಭಾಷೆ ಅಡ್ಡ ಬರುವುದಿಲ್ಲ. ಕೈ ಕೂಡ ತೊಳೆಯದೆ ಶೆಡ್ಡಿಗೆ ನಡೆದ. ಹಿಂದೆ ವೈಜನಾಥ, ಅವನ ಹಿಂದೆ ಜಲಜಾಕ್ಷಿ, ಗಲ್ಲಾಪೆಟ್ಟಿಗೆ ಬಿಟ್ಟು ಕಿಟ್ಟಣ್ಣ.

ಫಲಕವಿಲ್ಲದ ಎರಡು ಎಂಜಿನ್‌ಗಳು ಅಕ್ಕಪಕ್ಕ ನಿಂತಿದ್ದವು. ಪೆಂಬರ್ಟನ್ ಗೋದಾಳನ್ನು ಸುತ್ತು ಹಾಕಿ ನೋಡಿದ. 1964ರಲ್ಲಿ ಮೆಚ್ಚಿದ್ದು ಇವಳನ್ನೇ. ಆಮೇಲೆ ಕಾದವಾಳ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಲ್ಲಿಂದಲೇ ಮೆಲ್ಲಗೆ ಮಾತಾಡಿದ, ಜಲಜಾಕ್ಷಿ ಒಂದೊಂದೇ ಸಾಲು ಹೇಳುತ್ತಾ ಹೋದಳು.

"ಹದಿಮೂರು ವರ್ಷ ತಪ್ಪು ಹೆಸರಿಂದ ಕರೆದೆ ಅಂತಾರೆ. ಇವಳು ಒಂದು ಸಲ ಕೂಡ ಸಿಟ್ಟು ಮಾಡ್ಲಿಲ್ಲ ಅಂತಾರೆ. ಅವರ ಬಾಯ್ಕೋ ಹೋದ ವರ್ಷ... ಹೆಂಡತಿ ತೀರಿಹೋದ ವರ್ಷ, ದಿನಾ ಇಲ್ಲೇ ಬಂದು ಕೂತ್ಕೊಳ್ತಿದ್ರಂತೆ, ಇದೇ ಮೆಟ್ಟಿಲ ಮೇಲೆ. ಈಗ ಬೇರೆಯವಳನ್ನ ಕೊಟ್ರೆ ಬೇಡವಂತೆ. ಇವಳೇ ಬೇಕಂತೆ."

ವೈಜನಾಥ ಆ ಕಡೆ ಮುಖ ತಿರುಗಿಸಿ ನಿಂತ. ಮಗಳ ಮದುವೆಯಲ್ಲಿ ಬಾರದ್ದು ಆಗ ಬಂತು.

ಸುದ್ದಿ ಶೇಠ್‌ಗೆ ಹೋಯಿತು. ಅವನು ಕಾಲು ನೆಲಕ್ಕೆ ಬಡಿದು ಕೂಗಾಡಿದ, ಪೊಲೀಸರನ್ನು ಕರೆಸುತ್ತೇನೆ ಅಂದ. ಅಷ್ಟರಲ್ಲಿ ಅವನ ಕಣ್ಣು ಆಫೀಸಿನ ಗೋಡೆಯ ಫೋಟೋದ ಮೇಲೆ ಬಿತ್ತು: 1927ರಲ್ಲಿ ಅವನಪ್ಪ ಗೋದಾಳ ಕೊರಳಿಗೆ ಹಾರ ಹಾಕುತ್ತಿರುವುದು. ಅಪ್ಪ ಹಾರ ಹಾಕಿದವಳನ್ನು ಮಗ ಗುಜರಿಗೆ ಹಾಕಿದ ಎಂದು ಪೇಪರಿನವರು ಬರೆದರೆ? ಗುಜರಿಯವನು ಮತ್ತೆ ಬಂದಾಗ ಚಹಾ ಕುಡಿಸಿ ಔರಂಗಾಬಾದಿಗೆ ವಾಪಸು ಕಳಿಸಿದರು. ಗೋದಾಳನ್ನು ಗೇಟಿನ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸುವುದೆಂದು ಅಪ್ಪಣೆಯಾಯಿತು. ಕದಲಬಾರದೆಂದು ಚಕ್ರಗಳಿಗೆ ವೆಲ್ಡಿಂಗು, ಮಕ್ಕಳು ನುಗ್ಗಬಾರದೆಂದು ಫೈರ್‌ಬಾಕ್ಸಿನ ಬಾಯಿಗೆ ಸಿಮೆಂಟು. ವೈಜನಾಥ ಇನ್ನು ಮುಂದೆ ಯಾವ ಯಂತ್ರವನ್ನೂ ಮುಟ್ಟಕೂಡದು. ನಿವೃತ್ತಿಯವರೆಗೆ ಗೇಟಿನ ಕಾವಲಿಗೆ ಕೂರಬೇಕು.

ಪ್ರಾಣ ಉಳಿಯಿತು. ಆದರೆ ಗೋದಾ ಇನ್ನೆಂದೂ ಉಗಿ ಬಿಡುವುದಿಲ್ಲ ಎಂಬುದು ವೈಜನಾಥನಿಗೆ ಸಿಮೆಂಟಿನ ಚೀಲ ಕಂಡ ಮೇಲೆಯೇ ಪೂರ್ತಿ ತಿಳಿದದ್ದು.

ಸಿಮೆಂಟು ಹಾಕುವ ಮೊದಲು ನಾಲ್ಕು ದಿನ ಆ ಕಳ್ಳನನ್ನು ನನಗೆ ಕೊಡಿ ಎಂದು ಪೆಂಬರ್ಟನ್ ಶೇಠ್‌ನ ಹತ್ತಿರ ಕೇಳಿದ. ವೈಜನಾಥ ಗೋದಾಳ ಎಡಗಡೆಯ ಮುಚ್ಚಳ ಬಿಚ್ಚಿ ವಾಲ್ವ್ ಹೊರತೆಗೆದ. ಹತ್ತೊಂಬತ್ತು ವರ್ಷದ ಹಿಂದೆ ಅದನ್ನು ಕೂರಿಸುವಾಗ ಸೀಟಿ ಹಾಕಿಕೊಂಡು ಕೂರಿಸಿದ್ದ. ಈಗ ಗೋದಾಳ ತಣ್ಣಗಿನ ಪಕ್ಕೆಯ ಮೇಲೆ ಕೈಯಿಟ್ಟು, "ತಪ್ಪ ತಿಳ್ಕೋಬ್ಯಾಡವ್ವ, ಇದು ನಿಂದಲ್ಲ," ಎಂದ. ಎರಡು ದಿನ ಅರ ಹಿಡಿದು ತಿಕ್ಕಿ ಕಾದವಾಳಿಗೆ ಕೂರಿಸಿದ. ಪೆಂಬರ್ಟನ್ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುತ್ತಿದ್ದ. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಜಗಳವೂ ಆಗಲಿಲ್ಲ. ಆದರೆ ಏರು ಹತ್ತಿಸಿ ನೋಡಲು ಆಗಲಿಲ್ಲ, ಅಷ್ಟರಲ್ಲಿ ಮ್ಹಸೋಬಾ ಕಡೆಯ ಹಳಿ ಕೀಳಲು ಶುರುಮಾಡಿದ್ದರು.

ಕಳಿಸುವ ದಿನ ಕಸ್ತೂರಿಬಾಯಿ ಇಲಕಲ್ ಸೀರೆಯುಟ್ಟು ಬಂದಳು. ದಾರಣಾಳಿಗೂ ಉಡಿ ತುಂಬಿದಳು, ಹಾಲೆಂಡಿನವರು ಆ ಕಡೆಯಿಂದ ಈ ಕಡೆಯಿಂದ ಫೋಟೋ ಹೊಡೆದರು. ಆಮೇಲೆ ಕಾದವಾಳ ಮುಂದೆ ನಿಂತು ಅರಿಶಿಣ ಕುಂಕುಮ ಹಚ್ಚಿದಳು. ಎಂಜಿನ್ನಿಗೆ ಸೆರಗೆಲ್ಲಿಂದ ತರುವುದು? ಡ್ರೈವರ್ ನಿಲ್ಲುವ ಕಡೆಯ ಸಾಮಾನಿನ ಪೆಟ್ಟಿಗೆ ತೆರೆಸಿ, ಅದರಲ್ಲಿ ಹಸಿರು ಖಣ ಹಾಸಿ, ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಉತ್ತತ್ತಿ, ಅಡಿಕೆ ಇಟ್ಟು ಗಂಟು ಕಟ್ಟಿದಳು. ಕಸ್ಟಮ್ಸಿನ ಗುಮಾಸ್ತ ಇದೇನು ಎಂದು ಕೇಳಿದ್ದಕ್ಕೆ ಜಲಜಾಕ್ಷಿ "ಸ್ಪೇರ್ ಪಾರ್ಟ್ಸ್" ಅಂದಳು. ಕಾಗದದ ಪ್ರಕಾರ ಕಾದವಾ ಗೋದಾ ಹೆಸರಿನಲ್ಲೇ ಮತ್ತೆ ಹೋಗಬೇಕಿತ್ತು. ಅವಳ ಸ್ವಂತ ಫಲಕವನ್ನು ಪೆಂಬರ್ಟನ್ ಬಟ್ಟೆಯಲ್ಲಿ ಸುತ್ತಿ ತನ್ನ ಚೀಲದಲ್ಲಿ ಇಟ್ಟುಕೊಂಡ.

"ಸುಖಾಗಿ ಇರು. ಮುದುಕುರ್ನ ಚಂದಾಗಿ ನೋಡ್ಕೋ," ಎಂದು ಕಸ್ತೂರಿಬಾಯಿ ಎಂಜಿನ್ನಿಗೆ ಹೇಳಿದಳು.

ಮುಂದಿನ ವರ್ಷ ದಸರೆಗೆ ವಾರವಿರುವಾಗ ಒಂದು ಭಾರವಾದ ಪಾರ್ಸೆಲ್ ಬಂತು. ವೈಜನಾಥ ಗೇಟಿನ ಸ್ಟೂಲಿನ ಮೇಲೆ ಕೂತೇ ಬಿಚ್ಚಿದ. ಒಳಗೆ ಗೋದಾಳ ಹಿತ್ತಾಳೆ ಫಲಕ, ಒಂದು ಕಾಗದ, ಒಂದು ಫೋಟೋ. ಜಲಜಾಕ್ಷಿ ಕಾಗದ ಓದಿದಳು. ಸಾಮಾನಿನ ಪೆಟ್ಟಿಗೆಯಿಂದ ತಿಂಗಳುಗಟ್ಟಲೆ ಅರಿಶಿಣದ ವಾಸನೆ ಬರುತ್ತಿತ್ತಂತೆ. ಕೊಬ್ಬರಿಯನ್ನು ಏನು ಮಾಡಬೇಕೆಂದು ತಿಳಿಯದೆ ಇಪ್ಪತ್ತು ಜನ ಹಂಚಿಕೊಂಡು ತಿಂದರಂತೆ, ಇಬ್ಬರಿಗೆ ಹಲ್ಲು ಸಡಿಲವಾಗಿ ಡಾಕ್ಟರಿಗೆ ಕೆಲಸ ಸಿಕ್ಕಿತಂತೆ. ಫೋಟೋದಲ್ಲಿ ಹಸಿರು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಬಿಳಿ ಉಗಿ ಬಿಡುತ್ತಾ ಕಾದವಾ, ಪಕ್ಕೆಯಲ್ಲಿ ಅವಳದೇ ಹೆಸರು, ಹಿಂದೆ ಜನ ತುಂಬಿದ ಆರು ಡಬ್ಬಿ.

"ಏರ್ಯಾಳ," ಎಂದ ವೈಜನಾಥ. "ನಿಲ್ಲದೇ ಏರ್ಯಾಳ." ಜಲಜಾಕ್ಷಿಯ ಕೈಯಿಂದ ಫೋಟೋ ಇಸಿದುಕೊಂಡು ಮತ್ತೆ ನೋಡಿದ. ಆಮೇಲೆ ತಲೆಯೆತ್ತಿ, ಒಂದು ವರ್ಷದಿಂದ ಹೆಸರಿಲ್ಲದೆ ಕಟ್ಟೆಯ ಮೇಲೆ ನಿಂತಿದ್ದವಳನ್ನು ನೋಡಿದ. ಅವಳ ಚಿಮಣಿಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು.

ಸಂಜೆ ಫಲಕವನ್ನು ಹೆಗಲ ಮೇಲೆ ಹೊತ್ತು ಮನೆಗೆ ಒಯ್ದ. ಕಸ್ತೂರಿಬಾಯಿ ಹುಣಸೆಹಣ್ಣು ನೆನೆಹಾಕಿದಳು. ದಸರೆಯ ದಿನ ಬೆಳಿಗ್ಗೆ ಯಂತ್ರ ಮುಟ್ಟಕೂಡದೆಂಬ ಅಪ್ಪಣೆಯನ್ನು ಮುರಿದು, ಅವನು ಏಣಿ ಹಾಕಿ ಹತ್ತಿ ಗೋದಾಳ ಪಕ್ಕೆಗೆ ಗೋದಾಳ ಹೆಸರು ಕೂರಿಸಿ ನಾಲ್ಕು ಬೋಲ್ಟು ಬಿಗಿದ. ಶೇಠ್‌ನ ಕಾರು ಗೇಟಿನೊಳಗೆ ಬಂದು, ನಿಲ್ಲದೆ ಮುಂದೆ ಹೋಯಿತು. ವೈಜನಾಥ ಏಣಿಯಿಂದ ಇಳಿದು, ಜೇಬಿನಿಂದ ಚಿಂದಿ ತೆಗೆದು, ಆರಿಹೋದ ಹೊಟ್ಟೆಯನ್ನು ಒರೆಸತೊಡಗಿದ.